ಕುವೆಂಪುನಗರದ ಹಳೆ ಮನೆಯೋ, ವಿಜಯನಗರ 4ನೇ ಹಂತದ ಹೊಸ ಮನೆಯೋ

ಮೈಸೂರಿನಲ್ಲಿ ಒಂದೇ ಬಜೆಟ್ ಹೇಳಿದರೂ ಬ್ರೋಕರುಗಳು ಎರಡು ಥರದ ಮನೆ ತೋರಿಸುತ್ತಾರೆ. ಒಂದು, ಕುವೆಂಪುನಗರದಲ್ಲಿ ಮೂವತ್ತು ನಲವತ್ತು ವರ್ಷದ ಹಳೆಯ ಮನೆ. ಇನ್ನೊಂದು, ವಿಜಯನಗರ 4ನೇ ಹಂತದಲ್ಲಿ ಬಣ್ಣದ ವಾಸನೆ ಇನ್ನೂ ಹೋಗದ 30×40 ಡ್ಯೂಪ್ಲೆಕ್ಸ್. ತಾಪತ್ರಯ ಎರಡರಲ್ಲೂ ಇದೆ, ಇರುವ ಜಾಗ ಬೇರೆ. ಕುವೆಂಪುನಗರದ್ದು ಗೋಡೆಯೊಳಗೆ ಮತ್ತು ವಾರಸುದಾರರ ನಡುವೆ ಅಡಗಿರುತ್ತದೆ. ವಿಜಯನಗರದ್ದು ಕಾಗದದಲ್ಲಿ ಮತ್ತು ನಲ್ಲಿಯಲ್ಲಿ.

ಓಡಾಟದ ಲೆಕ್ಕ ಬೇಗ ಮುಗಿಯುತ್ತದೆ. ಹೆಬ್ಬಾಳ ಕೈಗಾರಿಕಾ ಪ್ರದೇಶ, ಹೂಟಗಳ್ಳಿ ಅಥವಾ ಇನ್ಫೋಸಿಸ್ ಕ್ಯಾಂಪಸ್ ಕಡೆ ಕೆಲಸವಿದ್ದವರಿಗೆ ವಿಜಯನಗರವೇ ಹತ್ತಿರ. ಹಿನಕಲ್‌ನಲ್ಲಿ ಮೇಲ್ಸೇತುವೆ ಇದ್ದರೂ ಹುಣಸೂರು ರಸ್ತೆಗೆ ತಿರುಗುವವರು ಸಂಜೆ ಹೊತ್ತು ಕಾಯಲೇಬೇಕು. ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗುವವರಿಗೆ ಇದು ಕಾಣುವುದಿಲ್ಲ. ಕುವೆಂಪುನಗರದಲ್ಲಿ ತರಕಾರಿ, ಔಷಧಿ, ಬಸ್ಸು, ಆಸ್ಪತ್ರೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಈ ಒಂದು ಕಾರಣವೇ ಸಾಕು. ಉದಯರವಿ ರಸ್ತೆ, ಅನಿಕೇತನ ರಸ್ತೆ, ಪಂಚಮಂತ್ರ ರಸ್ತೆ, ವಿಶ್ವಮಾನವ ಜೋಡಿ ರಸ್ತೆ: ಇಲ್ಲಿ ವಿಳಾಸ ಬರೆದರೇ ಅರ್ಧ ಪದ್ಯವಾಗುತ್ತದೆ, ಅದು ಪುಕ್ಕಟೆ ಲಾಭ.

ಹಳೆ ಮನೆ ನೋಡುವಾಗ ಮೊದಲು ಕತ್ತೆತ್ತಿ ನೋಡಿ. ಆ ಕಾಲದ ಬಹುತೇಕ ಮನೆಗಳಲ್ಲಿ ಗೋಡೆಯೇ ಭಾರ ಹೊರುತ್ತದೆ, ಪಿಲ್ಲರ್ ಇರುವುದಿಲ್ಲ. ಹಾಲು, ರೂಮು ಒಂದು ಮಾಡುತ್ತೇವೆ ಅಂತ ನಡುಗೋಡೆ ಒಡೆದರೆ ಮೇಲಿನ ಚಾವಣಿಗೆ ಆಸರೆ ಹೋಯಿತು. ಬಚ್ಚಲುಮನೆಯ ಚಾವಣಿ ಮತ್ತು ಸಜ್ಜೆಯ ಕೆಳಭಾಗವನ್ನು ಸುತ್ತಿಗೆ ಹಿಡಿಯಿಂದ ತಟ್ಟಿ. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ. ಡಬ್ ಡಬ್ ಅಂದರೆ ಒಳಗಿನ ಕಂಬಿ ತುಕ್ಕು ಹಿಡಿದು, ಉಬ್ಬಿ, ಗಾರೆಯನ್ನು ಕೆಳಕ್ಕೆ ತಳ್ಳುತ್ತಿದೆ ಎಂದರ್ಥ. ಒಂದೆರಡು ಅಡಿ ಜಾಗವಾದರೆ ಗಾರೆ ಕಿತ್ತು, ಕಂಬಿಯ ತುಕ್ಕು ಉಜ್ಜಿ, ಪಾಲಿಮರ್ ಮಾರ್ಟರ್ ತುಂಬಬಹುದು. ಚಾವಣಿಯುದ್ದಕ್ಕೂ ಹಾಗೇ ಇದ್ದರೆ ನೀವು ಕೊಡುತ್ತಿರುವುದು ಸೈಟಿನ ಬೆಲೆ ಮಾತ್ರ ಅಂತ ತಿಳಿದು ಚೌಕಾಸಿ ಮಾಡಿ.

ಆಮೇಲೆ ಒಳಚರಂಡಿ. ಹಳೆಯ ಯುಜಿಡಿ ಸಂಪರ್ಕಗಳಲ್ಲಿ ಸ್ಟೋನ್‌ವೇರ್ ಪೈಪಿನ ಜೋಡಣೆಗಳ ಮೂಲಕ ಮರದ ಬೇರು ನುಗ್ಗಿರುತ್ತದೆ. ಗೇಟಿನ ಬಳಿಯ ಚೇಂಬರ್ ಮುಚ್ಚಳ ತೆಗೆಸಿ, ಹಿತ್ತಲ ಕಡೆಯ ಬಚ್ಚಲಿಗೆ ಅರಿಶಿನ ಕದಡಿದ ಎರಡು ಬಕೆಟ್ ನೀರು ಒಮ್ಮೆಗೇ ಸುರಿಯಿರಿ. ಹಳದಿ ನೀರು ಅರ್ಧ ನಿಮಿಷದೊಳಗೆ ರಭಸವಾಗಿ ಬಂದರೆ ಸರಿ. ತಡವಾಗಿ, ತೊಟ್ಟಿಕ್ಕುತ್ತಾ ಬಂದರೆ ಅಂಗಳ ಅಗೆಸುವ ಖರ್ಚನ್ನೂ ಬರೆದುಕೊಳ್ಳಿ. ಜಿಐ (ಸತು ಲೇಪಿಸಿದ ಕಬ್ಬಿಣದ) ನೀರಿನ ಪೈಪು, ಅರ್ತಿಂಗ್ ಇಲ್ಲದ ವೈರಿಂಗ್ ಇವೆರಡನ್ನೂ ಪರೀಕ್ಷೆಯೇ ಬೇಡದೆ ಬದಲಾಯಿಸುವುದು ಎಂದಿಟ್ಟುಕೊಳ್ಳಿ.

ಕಾಗದದ ವಿಷಯಕ್ಕೆ ಬಂದರೆ ಕುವೆಂಪುನಗರದ ಮೂಲ ದಾಖಲೆ ಸಾಮಾನ್ಯವಾಗಿ ಗಟ್ಟಿ: ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೋ ಮುಡಾವೋ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಕೊಟ್ಟ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ. ಗಂಟು ಬೀಳುವುದು ಯಜಮಾನರು ತೀರಿಕೊಂಡ ಮೇಲೆ. ಖಾತೆ ಹಿರಿಮಗನ ಹೆಸರಿಗಾಗಿರುತ್ತದೆ, ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ಮಗಳ ಸಹಿ ಇರುವುದಿಲ್ಲ. ಖಾತೆ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರೂ ಒಂದೋ ಕ್ರಯಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಆಸ್ತಿಯ ಮೇಲಿನ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ಸಿಗುವುದು 2004ರಿಂದ ಈಚೆಗಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಕೊಡಬೇಕು. 30 ವರ್ಷದ ಇಸಿ ಬೇಕೇ ಬೇಕು.

ವಿಜಯನಗರ 4ನೇ ಹಂತದಲ್ಲಿ ಪ್ರಶ್ನೆ ಉಲ್ಟಾ. ಮಾರುವವರು ಒಬ್ಬರೇ, ಆದರೆ ಸೈಟು ಅವರಿಗೆ ಬಂದದ್ದು ಹೇಗೆ? ಹರಾಜಿನದೋ, ಸಾಮಾನ್ಯ ಹಂಚಿಕೆಯದೋ, ಬದಲಿ ನಿವೇಶನವೋ? ಜಮೀನು ಕಳೆದುಕೊಂಡವರಿಗೆ ಪರಿಹಾರವಾಗಿ 50:50 ಅನುಪಾತದಲ್ಲಿ (ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಅವರಿಗೆ) ಕೊಟ್ಟ ಬದಲಿ ನಿವೇಶನಗಳ ಗದ್ದಲ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 2025ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯ ಮುಡಾ ಪ್ರಕರಣದಲ್ಲಿ 142 ಸ್ಥಿರಾಸ್ತಿಗಳನ್ನು ತಾತ್ಕಾಲಿಕವಾಗಿ ಜಪ್ತಿ ಮಾಡಿತು. ಅಂಥ ಮೂಲದ ಸೈಟಾದರೆ ಎಷ್ಟೇ ಅಗ್ಗವಾದರೂ ಕೈಮುಗಿದು ಬನ್ನಿ. ಸುತ್ತಮುತ್ತಲಿನ ಖಾಸಗಿ ಬಡಾವಣೆಗಳನ್ನೂ ‘4ನೇ ಹಂತ’ ಅಂತಲೇ ಮಾರುತ್ತಾರೆ. ಕಂದಾಯದ ರಸೀದಿ ಕೇಳಿ: ಪಾಲಿಕೆಯದೋ, ಪ್ರಾಧಿಕಾರದ್ದೋ, ಹೂಟಗಳ್ಳಿ ನಗರಸಭೆಯದೋ, ಬೋಗಾದಿ ಪಟ್ಟಣ ಪಂಚಾಯಿತಿಯದೋ. ಕಸ, ಬೀದಿದೀಪ, ನೀರು ಯಾರ ತಲೆನೋವು ಎಂಬುದು ಆ ಒಂದು ಚೀಟಿಯಲ್ಲಿ ಗೊತ್ತಾಗುತ್ತದೆ. ಇ-ಖಾತೆ ಎ (ಅಧಿಕೃತ ಆಸ್ತಿಯದು) ಆಗಿರಲಿ, ಬಿ (ಅನಧಿಕೃತ ಆಸ್ತಿಯದು) ಆದರೆ ಬ್ಯಾಂಕು ರಾಗ ಎಳೆಯುತ್ತದೆ.

ನೀರನ್ನು ಮಾರುವವರ ಬಾಯಿಂದ ಕೇಳಬೇಡಿ, ಪಕ್ಕದ ಮನೆಯಲ್ಲಿ ಕೇಳಿ: ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರಾ. ಸಂಪು 6×6×5 ಅಡಿ ಇದ್ದರೆ ಸುಮಾರು 5,000 ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 540. ಒಂಬತ್ತು ದಿನ ತಳ್ಳಬಹುದು. ಹೊಸ ಡ್ಯೂಪ್ಲೆಕ್ಸ್‌ಗಳಲ್ಲಿ ಪಾರ್ಕಿಂಗ್ ಕೆಳಗೆ ಇದರ ಅರ್ಧದಷ್ಟು ಸಂಪು ಮಾಡಿ ಮೇಲೆ ಚೆಂದದ ಟೈಲ್ಸ್ ಹಾಕಿರುವುದೂ ಉಂಟು. ಬೋರ್‌ವೆಲ್ ನೀರೇ ಗತಿಯಾದರೆ ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ ಅಳೆಯುವ) ಮೀಟರ್ ಅದ್ದಿ ನೋಡಿ: ಕುಡಿಯಲು 500ರೊಳಗೆ ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 2,000 ಕೊನೆಯ ಮಿತಿ.

ಹೊಸ ಗೋಡೆಯಲ್ಲಿ ಪಿಲ್ಲರ್ ಪಕ್ಕ ಕೂದಲೆಳೆಯ ನೇರ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ, ಮೂರು ಮಿಲಿಮೀಟರ್ ದಾಟಿದ ಬಿರುಕು ಪಾಯ ಕುಸಿಯುತ್ತಿರುವ ಲಕ್ಷಣವಾಗಿರಬಹುದು. ಎಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ. ಮನೆಯ ಮುಂದೆ ಡಾಂಬರು ಇನ್ನೂ ಬಿದ್ದಿಲ್ಲದಿದ್ದರೆ, ಬಿದ್ದಾಗ ರಸ್ತೆ ಏರುತ್ತದೆ, ನಿಮ್ಮ ಅಂಗಳ ಏರುವುದಿಲ್ಲ. ನೆಲಮಟ್ಟ ಈಗಿನ ರಸ್ತೆಗಿಂತ ಎರಡಡಿಯಾದರೂ ಮೇಲಿರಲಿ.

ದುಡ್ಡಿನ ಮಾತು. ಒಂದು ಕೋಟಿಯ ಮನೆಗೆ ಮುದ್ರಾಂಕ ಶುಲ್ಕ 5 ಲಕ್ಷ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ 60 ಸಾವಿರ, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ನೋಂದಣಿ ಶುಲ್ಕ 2 ಲಕ್ಷ: ಒಟ್ಟು 7.60 ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಹಳೆ ಮನೆಯಾದರೆ ಕಟ್ಟಡಕ್ಕೆ ಇನ್ನೆಷ್ಟು ಆಯಸ್ಸು ಎಂದು ಬ್ಯಾಂಕಿನ ಮೌಲ್ಯಮಾಪಕರು ಬರೆಯುತ್ತಾರೆ, ಸಾಲದ ಅವಧಿ ಅದಕ್ಕೆ ತಕ್ಕಂತೆ ಕುಗ್ಗಬಹುದು. ಹಾಗಾಗಿ ಕುವೆಂಪುನಗರಕ್ಕೆ ಕೈಯಲ್ಲಿ ಹೆಚ್ಚು ನಗದು ಬೇಕು. ಅಷ್ಟು ಇದ್ದವರಿಗೆ ನನ್ನ ಮತ ಅತ್ತಲೇ: ತುಕ್ಕು ಹಿಡಿದ ಪೈಪು ದುಡ್ಡು ಕೊಟ್ಟರೆ ಒಂದು ತಿಂಗಳಲ್ಲಿ ಬದಲಾಗುತ್ತದೆ, ತಕರಾರಿನ ಸೈಟಿನ ಮೂಲ ಬದಲಾಗುವುದಿಲ್ಲ. ಹೆಬ್ಬಾಳದಲ್ಲಿ ಶಿಫ್ಟ್ ಕೆಲಸ, ಸಾಲವೇ ಹೆಚ್ಚು ಎನ್ನುವವರು ಹರಾಜಿನ ಅಥವಾ ನೇರ ಹಂಚಿಕೆಯ ಸೈಟಿನಲ್ಲಿ ಕಟ್ಟಿದ್ದನ್ನೇ ಹುಡುಕಿ.

ಎಲ್ಲಿ ಕೊಂಡರೂ ಟೋಕನ್ ಕೊಡುವ ಮೊದಲೇ ಜೆರಾಕ್ಸ್ ಸೆಟ್ ವಕೀಲರ ಕೈಗೆ ಹೋಗಲಿ. ಕರಾರುಪತ್ರದಲ್ಲಿ ‘ದಾಖಲೆ ಸರಿಯಿಲ್ಲವೆಂದು ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸ್’ ಎಂಬ ಸಾಲು ಬರೆಸಿ. ಅದನ್ನು ಬರೆಯಲು ಒಪ್ಪದ ಮಾಲೀಕರ ಮನೆಯಲ್ಲಿ ಕಾಫಿ ಕುಡಿದು ಎದ್ದು ಬನ್ನಿ.