ಅಮೆರಿಕದಿಂದ ಬಂದ ಲಾಕ್ ಫೋನು: ಚಿಪ್ಪು, ಅಂಗಡಿ, ಕಂಪನಿ

ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಐಫೋನು ಸಾಮಾನ್ಯವಾಗಿ ಅಲ್ಲಿಯ ಮೊಬೈಲ್ ಕಂಪನಿಯ ಸಿಮ್ಮಿಗಷ್ಟೇ ಲಾಕ್ ಆಗಿರುತ್ತದೆ. ಅಂಥ ಫೋನಿನಲ್ಲಿ ಹುಬ್ಬಳ್ಳಿಯ ಸಿಮ್ ನಡೆಯುವಂತೆ ಮಾಡಲು ಮೂರು ದಾರಿಗಳಿವೆ: ಸಿಮ್ಮಿಗೆ ಅಂಟಿಸಿ ಕೂರಿಸುವ ತೆಳು ಚಿಪ್ಪು, ದುಡ್ಡು ಪಡೆದು ಲಾಕ್ ತೆಗೆಸಿಕೊಡುವ ಅಂಗಡಿ, ಲಾಕ್ ಹಾಕಿದ ಕಂಪನಿಗೇ ಸಲ್ಲಿಸುವ ಅರ್ಜಿ. ಅಕ್ಕನ ಮಗ ಟೆಕ್ಸಾಸ್‌ನಿಂದ ತಂದುಕೊಟ್ಟ ಎರಡು ಐಫೋನ್ 11ಗಳ ಮೇಲೆ ಈ ಮೂರನ್ನೂ ಪರೀಕ್ಷಿಸಿದ್ದೇನೆ. ಕಂಪನಿಯ ದಾರಿಯೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕೊಪ್ಪಿಕರ್ ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಆರ್-ಸಿಮ್ ಎಂದು ಕೇಳಿದರೆ ಮೊದಲನೆಯದು ಸಿಗುತ್ತದೆ. ನಾನು ಕೊಟ್ಟದ್ದು 900 ರೂಪಾಯಿ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಈ ಹಾಳೆಯನ್ನು ಸಿಮ್ಮಿನ ಚಿನ್ನದ ಬಣ್ಣದ ಭಾಗಕ್ಕೆ ಸರಿಯಾಗಿ ಹೊಂದಿಸಿ, ಎರಡನ್ನೂ ಒಟ್ಟಿಗೆ ಟ್ರೇಯಲ್ಲಿಟ್ಟು, ಅಂಚು ಮಡಚದಂತೆ ಒಳಗೆ ತಳ್ಳಬೇಕು. ಇದು ಲಾಕನ್ನು ತೆಗೆಯುವುದಿಲ್ಲ. ಸಿಮ್ ಮತ್ತು ಫೋನಿನ ನಡುವೆ ಕುಳಿತು, ಇದು ಅಮೆರಿಕದ ಆ ಕಂಪನಿಯದೇ ಸಿಮ್ ಎಂದು ಫೋನನ್ನು ನಂಬಿಸುತ್ತದೆ, ಅಷ್ಟೇ.

ನನ್ನನ್ನು ಹೆಚ್ಚು ಕಾಡಿದ್ದು ನೆಟ್‌ವರ್ಕ್ ಸಿಕ್ಕ ಮೇಲಿನ ತೊಂದರೆ. ಐಫೋನಿಗೆ ಹೊಸ ಸಿಮ್ ಕಂಡಾಗ ಆ್ಯಪಲ್‌ನ ಸಂದೇಶ ಮತ್ತು ವಿಡಿಯೊ ಕರೆಯ ಸೇವೆಗಳಾದ ಐಮೆಸೇಜ್ ಮತ್ತು ಫೇಸ್‌ಟೈಮ್ ಚಾಲೂ ಮಾಡಲು ಅದು ತಾನಾಗಿಯೇ ಹೊರದೇಶದ ಸಂಖ್ಯೆಗೆ ಒಂದು ಎಸ್ಎಂಎಸ್ ಕಳಿಸುತ್ತದೆ, ಪ್ರೀಪೇಯ್ಡ್ ಸಿಮ್ಮಿನಲ್ಲಿ ಅದರ ಶುಲ್ಕ ಬ್ಯಾಲೆನ್ಸ್‌ನಿಂದ ಕಡಿತವಾಗುತ್ತದೆ. ಸಾಮಾನ್ಯ ಫೋನಿನಲ್ಲಿ ಇದು ಒಮ್ಮೆ ಮುಗಿಯುವ ಕೆಲಸ. ಚಿಪ್ಪಿರುವ ನನ್ನ ಫೋನಿನಲ್ಲಿ ಬಂದ್ ಮಾಡಿ ತೆರೆದಾಗಲೆಲ್ಲ ಇದೇ ಪುನರಾವರ್ತನೆಯಾಯಿತು. ಐಮೆಸೇಜ್ ಮತ್ತು ಫೇಸ್‌ಟೈಮ್ ಎರಡನ್ನೂ ಆಫ್ ಮಾಡಿದ ಮೇಲೆ ಕಡಿತ ನಿಂತಿತಾದರೂ, ಸೊಸೆಯೊಡನೆ ಫೇಸ್‌ಟೈಮಿನಲ್ಲಿ ಮಾತನಾಡಲೆಂದೇ ಈ ಫೋನನ್ನು ಇಟ್ಟುಕೊಂಡಿದ್ದ ನನ್ನ ಹೆಂಡತಿಗೆ ಆ ಪರಿಹಾರದಿಂದ ಏನೂ ಪ್ರಯೋಜನವಾಗಲಿಲ್ಲ.

ಇದರ ಜೊತೆಗೆ ಯುಪಿಐ ತೊಡಕೂ ಉಂಟು. ನೋಂದಣಿಗೆ ಫೋನಿನಿಂದಲೇ ಎಸ್ಎಂಎಸ್ ಹೋಗಬೇಕು; ಆ ಗಳಿಗೆಯಲ್ಲೇ ಸಿಗ್ನಲ್ ಮಾಯವಾದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ನವಲಗುಂದದ ಕಡೆಯ ಹೊಲಕ್ಕೆ ಹೋಗುವಾಗ ಬೇರೆ ಕಂಪನಿಯ ಸಿಮ್ ಹಾಕುವುದು ನನ್ನ ರೂಢಿ. ಬದಲಿಸಿದಾಗಲೆಲ್ಲ ಚಿಪ್ಪಿನ ಮೆನು ತೆರೆದು ಹೊಂದಿಸುವುದನ್ನು ಬದುವಿನ ಮೇಲೆ, ಬಿಸಿಲಿನಲ್ಲಿ ನಿಂತು ಮಾಡಲಾಗದು. ಐಫೋನಿನ ತಂತ್ರಾಂಶವಾದ ಐಓಎಸ್ ಅಪ್‌ಡೇಟ್ ಬಂದಾಗ ಚಿಪ್ಪು ಕೈಕೊಡುವ ಭಯ ಬೇರೆ. ಐಫೋನ್ 11ರಲ್ಲಿ ಬಿಡಿ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಇ-ಸಿಮ್‌ಗೆ ಇದರಿಂದ ಉಪಯೋಗವಿಲ್ಲ.

ಅಂಗಡಿಯ ದಾರಿಯ ಬಗ್ಗೆ ಹೇಳುವುದು ಕಡಿಮೆ. *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರೆದುಕೊಂಡು, 4,000 ರೂಪಾಯಿ ಮುಂಗಡ ಪಡೆದ ಅಂಗಡಿಯವರು ನಾಳೆ, ನಾಡಿದ್ದು ಎನ್ನುತ್ತ ಕೊನೆಗೆ ಕಂತು ಬಾಕಿ ಇರುವುದರಿಂದ ಆಗದು ಎಂದರು. ಮರಳಿದ್ದು ಅರ್ಧ ದುಡ್ಡು. ಇದೇ ಉತ್ತರ ಕಂಪನಿಯಿಂದ ಪುಕ್ಕಟೆಯಾಗಿ ಸಿಗುತ್ತಿತ್ತು.

ಈ ಫೋನುಗಳಿಗೆ ಲಾಕ್ ಹಾಕಿದ್ದ ಅಮೆರಿಕದ ಮೊಬೈಲ್ ಕಂಪನಿ ಎಟಿ ಆಂಡ್ ಟಿಯ ನಿಯಮ ಸರಳವಾಗಿದೆ. ಫೋನಿನ ಪೂರ್ತಿ ಹಣ ತೀರಿರಬೇಕು, ಅವರ ನೆಟ್‌ವರ್ಕಿನಲ್ಲಿ ಕನಿಷ್ಠ 60 ದಿನ ಬಳಕೆಯಾಗಿರಬೇಕು, ಕಳೆದುಹೋದ ಅಥವಾ ಕಳವಾದ ಫೋನೆಂದು ದಾಖಲಾಗಿರಬಾರದು. ಅಳಿಯ ಉಳಿದ ಕಂತು ಕಟ್ಟಿ, ಜಾಲತಾಣದಲ್ಲಿ ಐಎಂಇಐ ತುಂಬಿ, ಇ-ಮೇಲಿಗೆ ಬಂದ ಕೊಂಡಿಯನ್ನು ಒತ್ತಿ ಖಚಿತಪಡಿಸಿದ. ಒಪ್ಪಿಗೆ ಬಂದ ಮೇಲೆ ಇಲ್ಲಿಯ ಸಿಮ್ ಹಾಕಿ ವೈಫೈಗೆ ಜೋಡಿಸಿದೆ. ಎರಡೂ ಫೋನುಗಳು ಬೇರೆ ಯಾವ ಕೆಲಸವನ್ನೂ ಬೇಡದೆ ಚಾಲೂ ಆದವು. ಒಪ್ಪಿಗೆಯು ಆ್ಯಪಲ್‌ನ ದಾಖಲೆಯಲ್ಲಿ ಐಎಂಇಐ ಜೊತೆಗೇ ಸೇರುವುದರಿಂದ ರಿಸೆಟ್ ಮಾಡಿದರೂ, ಅಪ್‌ಡೇಟ್ ಹಾಕಿದರೂ ಲಾಕ್ ಮರಳುವುದಿಲ್ಲ. ಶುಲ್ಕವೂ ಇಲ್ಲ. ಕಾಯುವ ತಾಳ್ಮೆ ಬೇಕು, ಕಂತು ತೀರಿಸುವ ಮನಸ್ಸಿರುವವರು ಆ ಕಡೆ ಇರಬೇಕು.

ವರ್ಷಗಟ್ಟಲೆ ಒಂದೇ ಸಿಮ್ ಬಳಸುವವರಿಗೆ, ಕಂತು ತೀರುವವರೆಗಿನ ತಾತ್ಕಾಲಿಕ ವ್ಯವಸ್ಥೆಯಾಗಿ ಚಿಪ್ಪು ನಡೆದೀತು. ಆದರೆ ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ನಂತರದವುಗಳಲ್ಲಿ ಸಿಮ್ ಟ್ರೇಯೇ ಇಲ್ಲದ್ದರಿಂದ ಅವುಗಳಿಗೆ ಆ ಆಯ್ಕೆಯೂ ಇಲ್ಲ. ಆದ್ದರಿಂದ ಫೋನ್ ತರುವವರು ವಿಮಾನ ಹತ್ತುವ ಮೊದಲೇ ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆರೆದು, ಕ್ಯಾರಿಯರ್ ಲಾಕ್ ಎಂಬಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದು ಬಂದಿದೆಯೇ ನೋಡಿ ಅದರ ಫೋಟೊ ಕಳಿಸಲಿ.