ಸಿ ಭಾಷೆಯ ಲಾಂಗ್‌ಗೆ ಸರಿಜೋಡಿ ಯಾವುದು? ಪೈಥಾನ್, ಜಾವಾ, ಸಿ ಶಾರ್ಪ್ ಹೋಲಿಕೆ

ಫೈಲಿನ ಗಾತ್ರ ಹೇಳುವ ಚಿಕ್ಕ ಸಿ ಲೈಬ್ರರಿ ಒಂದನ್ನು ಪೈಥಾನ್, ಜಾವಾ, ಸಿ ಶಾರ್ಪ್ ಮೂರರಿಂದಲೂ ಕರೆದು ನೋಡಿದೆ. ಪರೀಕ್ಷೆಗೆ ಇಟ್ಟುಕೊಂಡಿದ್ದು ಸರಿಯಾಗಿ 300 ಕೋಟಿ ಬೈಟ್‌ನ ಫೈಲು. 32 ಬಿಟ್‌ನ ಇಂಟ್ (ಪೂರ್ಣಾಂಕ ಇಡುವ ಟೈಪ್) ಒಳಗೆ ಹಿಡಿಸುವುದು 214 ಕೋಟಿ ಚಿಲ್ಲರೆ ಮಾತ್ರ. ಜೋಡಣೆ ತಪ್ಪಿದ್ದರೆ ತಕ್ಷಣ ಗೊತ್ತಾಗಲಿ ಅಂತಲೇ ಇಷ್ಟು ದೊಡ್ಡದು.

ಮೊದಲ ತೊಂದರೆ ಸಿ ಕಡೆಯೇ ಇತ್ತು. ಲೈಬ್ರರಿಯ ಫಂಕ್ಷನ್ ಗಾತ್ರವನ್ನು ಲಾಂಗ್ ಎಂಬ ಪೂರ್ಣಾಂಕದ ಟೈಪ್‌ನಲ್ಲಿ ಕೊಡುತ್ತಿತ್ತು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಅಂದರೆ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಲಿನಕ್ಸ್‌ನಲ್ಲಿ ಸರಿಯಾಗಿ ಬಂದ ಲೆಕ್ಕ ವಿಂಡೋಸ್‌ನಲ್ಲಿ -1294967296 ಆಯ್ತು. ಸಿ ಒಳಗೇ ಸಂಖ್ಯೆ ಕತ್ತರಿಸಿ ಹೋದ ಮೇಲೆ ಆಚೆ ಯಾವ ಭಾಷೆ ಇದ್ದರೇನು? ಲಾಂಗ್ ತೆಗೆದು, ಸಿ99ರಲ್ಲಿ (ಸಿ ಭಾಷೆಯ 1999ರ ಆವೃತ್ತಿ) ಬಂದ, ಎಲ್ಲೆಡೆ 64 ಬಿಟ್ಟೇ ಇರುವ ಇಂಟ್64_ಟಿ ಹಾಕಿದೆ.

ಆಮೇಲೂ ಪೈಥಾನ್ ಅದೇ -1294967296 ತೋರಿಸಿತು, ಅದೂ ಲಿನಕ್ಸ್‌ನಲ್ಲಿ! ಪೈಥಾನ್‌ನ ಸಂಖ್ಯೆಗೆ ಗಾತ್ರದ ಮಿತಿ ಇಲ್ಲ, ಹಾಗಾಗಿ ಇಲ್ಲಿ ಏನೂ ಆಗಲ್ಲ ಅಂದುಕೊಂಡಿದ್ದೆ. ಆದರೆ ರೆಸ್‌ಟೈಪ್ (ಫಂಕ್ಷನ್ ವಾಪಸ್ ಕೊಡುವ ಟೈಪ್) ಯಾವುದು ಅಂತ ನಾವು ಹೇಳದಿದ್ದರೆ, ವಾಪಸ್ ಬಂದದ್ದನ್ನು ಸಿಟೈಪ್ಸ್ (ಸಿ ಲೈಬ್ರರಿ ಕರೆಯುವ ಪೈಥಾನ್‌ನ ಮಾಡ್ಯೂಲ್) ಸಿಯ ಮಾಮೂಲಿ ಇಂಟ್ ಅಂತಲೇ ಓದುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ರೆಸ್‌ಟೈಪ್‌ಗೆ ಸಿ_ಇಂಟ್64 ಕೊಟ್ಟೆ, 3000000000 ಬಂತು. ಮೂರರಲ್ಲಿ ನನಗೆ ಜಾಸ್ತಿ ಭಯ ಇದರದ್ದೇ.

ಜಾವಾದಲ್ಲಿ ಜೆಎನ್‌ಐಗೆ (ಜಾವಾದಿಂದ ಸಿ ಕೋಡ್ ಕರೆಯುವ ವ್ಯವಸ್ಥೆ) ಅಂತ ಸಿಯಲ್ಲಿ ಇನ್ನಷ್ಟು ಕೋಡ್ ಬರೆಯಬೇಕು. ಆದರೆ ಜಾವಾದ ಲಾಂಗ್ ಯಾವ ಮಷೀನ್‌ನಲ್ಲೂ 64 ಬಿಟ್ಟೇ, ಸಿ ಕಡೆ ಅದಕ್ಕೆ ಜೋಡಿಯಾದ ಜೆಲಾಂಗ್ ಕೂಡ ಅಷ್ಟೇ. ಗಾತ್ರ ಮೊದಲ ಸಲಕ್ಕೇ ಸರಿ ಬಂತು. ಎಡವಿದ್ದು ಫೈಲಿನ ಬೈಟ್‌ಗಳನ್ನು ಓದುವಾಗ. ಜಾವಾದ ಬೈಟ್ -128ರಿಂದ 127ರವರೆಗೆ, ಹಾಗಾಗಿ ಸಿ ಕಳಿಸಿದ 200 ಇಲ್ಲಿ -56 ಆಗಿ ಕಾಣುತ್ತದೆ. 255ರ ಜೊತೆ ಬಿಟ್ ಮಟ್ಟದ ಆ್ಯಂಡ್ (&) ಮಾಡಿದರೆ 200 ವಾಪಸ್. ಜಾವಾ 8ರಿಂದ ಇದಕ್ಕೆ ಟುಅನ್‌ಸೈನ್ಡ್‌ಇಂಟ್ ಎಂಬ ಮೆಥಡ್ಡೂ ಇದೆ.

ನನ್ನ ಓಟು ಸಿ ಶಾರ್ಪ್‌ಗೆ. ಬೈಟ್ 0ರಿಂದ 255, ಯುಇಂಟ್ 32 ಬಿಟ್, ಯುಲಾಂಗ್ 64 ಬಿಟ್. ಸಿಯ ಅನ್‌ಸೈನ್ಡ್ (ಋಣ ಚಿಹ್ನೆ ಇಲ್ಲದ) ಸಂಖ್ಯೆಗಳಿಗೆ ನೇರ ಜೋಡಿ ಸಿಗುತ್ತದೆ. ಒಂದೇ ಎಚ್ಚರ: ಹೆಸರು ಒಂದೇ ಅಂತ ಸಿಯ ಲಾಂಗ್‌ಗೆ ಸಿ ಶಾರ್ಪ್‌ನ ಲಾಂಗ್ ಜೋಡಿಸಬೇಡಿ. ಸಿ ಶಾರ್ಪ್‌ನದು ಯಾವಾಗಲೂ 64 ಬಿಟ್, ಸಿಯದು ವಿಂಡೋಸ್‌ನಲ್ಲಿ 32. ಸಿ ಕೋಡ್ ಬದಲಿಸುವ ಹಾಗಿಲ್ಲ ಅಂದರೆ ಡಾಟ್‌ನೆಟ್ (ಸಿ ಶಾರ್ಪ್ ಓಡುವ ವೇದಿಕೆ) 6ರಿಂದ ಸಿಯ ಲಾಂಗ್‌ನಷ್ಟೇ ಗಾತ್ರದ ಸಿಲಾಂಗ್ ಅನ್ನೋ ಟೈಪ್ ಇದೆ, ಅದನ್ನೇ ಬಳಸಿ.