ಯೂನಿಫೈನ ‘ಲಾಕ್ ಟು ಆಕ್ಸೆಸ್ ಪಾಯಿಂಟ್’: ಎರಡು ವರ್ಷ ಬಳಸಿದ ಮೇಲೆ

ಕರೆಂಟ್ ಹೋಗಿ ಬಂದ ಮೇಲೆ ಗೇಟಿನ ಕ್ಯಾಮೆರಾ ತಡವರಿಸುತ್ತಿದ್ದರೆ ಮೊದಲು ಯೂನಿಫೈ (ಯುಬಿಕ್ವಿಟಿ ಕಂಪನಿಯ ವೈಫೈ ಉಪಕರಣಗಳ ಸರಣಿ) ಆ್ಯಪ್‌ನ ಕ್ಲೈಂಟ್ ಪಟ್ಟಿ, ಅಂದರೆ ಜೋಡಿಯಾಗಿರುವ ಸಾಧನಗಳ ಪಟ್ಟಿ, ತೆರೆದು ನೋಡಿ. ಮಹಡಿಯ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ) ಮೊದಲು ಎದ್ದಿದ್ದರೆ ಕ್ಯಾಮೆರಾ ಅದನ್ನೇ ಹಿಡಿದು ಕೂತಿರುತ್ತದೆ. ಹತ್ತಡಿ ದೂರದ ಹಜಾರದ್ದು ಆಮೇಲೆ ಎದ್ದರೂ ಬಿಡುವುದಿಲ್ಲ. ಯಾವುದಕ್ಕೆ ಜೋಡಿಯಾಗಬೇಕೆಂದು ಆರಿಸುವುದು ಸಾಧನವೇ. ಕ್ಯಾಮೆರಾ, ಸ್ಮಾರ್ಟ್ ಪ್ಲಗ್, ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ ಆ ಜಾಣತನ ಕಡಿಮೆ. -80 ಡಿಬಿಎಂನಲ್ಲಿ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ತೆವಳುವ ಒಂದೇ ಸಾಧನ, ಅಷ್ಟೇ ಡೇಟಾ ಕಳಿಸಲು ಹೆಚ್ಚು ಹೊತ್ತು ಚಾನೆಲ್ ಹಿಡಿದುಕೊಂಡು ಉಳಿದವರನ್ನೆಲ್ಲ ಕಾಯಿಸುತ್ತದೆ. ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿದರೂ ಇದು ಸರಿಹೋಗದು.

ಈ ಸೌಲಭ್ಯ ಇರುವುದು ಇದಕ್ಕೇ. ಕ್ಲೈಂಟ್ ಪಟ್ಟಿಯಲ್ಲಿ ಸಾಧನ ಒತ್ತಿ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಲಾಕ್ ಟು ಆಕ್ಸೆಸ್ ಪಾಯಿಂಟ್’ ಆನ್ ಮಾಡಿ, ಬೇಕಾದ ಪಾಯಿಂಟ್ ಆರಿಸಿದರೆ ಮುಗಿಯಿತು. ಆಮೇಲೆ ಸಾಧನವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಸಿಗ್ನಲ್ -65 ಡಿಬಿಎಂ ಆಸುಪಾಸಿಗೆ ಬಂತೇ ಎಂದು ನೋಡಿ.

ಗೋಡೆಗೆ ಬಿಗಿದ, ಮೇಜು ಬಿಟ್ಟು ಕದಲದ ಸಾಧನಗಳಿಗೆ ಮಾತ್ರ ಇದನ್ನು ಹಾಕಿ. ಫೋನಿಗೆ ಹಾಕಲೇಬೇಡಿ. ಹಜಾರದ ಪಾಯಿಂಟ್‌ಗೆ ಕಟ್ಟಿದ ಫೋನು ಮಹಡಿ ಕೋಣೆಗೆ ಹೋದರೆ, ತಲೆಯ ಮೇಲೇ ಇನ್ನೊಂದು ಪಾಯಿಂಟ್ ಇದ್ದರೂ ಆರ್‌ಸಿಸಿ ಸ್ಲ್ಯಾಬ್ ದಾಟಿ ಬರುವ ಕ್ಷೀಣ ಸಿಗ್ನಲ್‌ಗೇ ಜೋತುಬೀಳುತ್ತದೆ. ಐಫೋನ್ ಹೇಗೂ -70 ಡಿಬಿಎಂಗಿಂತ ಕೆಳಗಿಳಿದರೆ ತಾನೇ ಬೇರೆ ಪಾಯಿಂಟ್ ಹುಡುಕುತ್ತದೆ. ಬೀಗ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್‌ನಲ್ಲಿ ಸಾಧನದ ಗುರುತಿನ ಸಂಖ್ಯೆ) ಬೀಳುವುದರಿಂದ ಲ್ಯಾಪ್‌ಟಾಪ್, ಟ್ಯಾಬ್‌ಗಳಲ್ಲಿ ವಿಳಾಸ ಬದಲಾಯಿಸುವ ಆಯ್ಕೆ ಆನ್ ಇದ್ದರೆ ಅದು ನಿಲ್ಲುವುದೂ ಇಲ್ಲ.

ಅರ್ಧಕ್ಕರ್ಧ ಬೀಗಗಳ ಅಗತ್ಯವೇ ಬೀಳದಂತೆ ಮಾಡಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗೆ 20 ಮೆಗಾಹರ್ಟ್ಸ್ ಅಗಲವೇ ಇರಲಿ, ಮೂರು ಪಾಯಿಂಟ್‌ಗಳಿಗೆ 1, 6, 11 ಚಾನೆಲ್ ಹಂಚಿ, ಟ್ರಾನ್ಸ್‌ಮಿಟ್ ಪವರ್ ‘ಹೈ’ನಿಂದ ‘ಲೋ’ಗೆ ಇಳಿಸಿ. ಪವರ್ ಜಾಸ್ತಿ ಇಟ್ಟರೆ ಮಹಡಿಯ ಪಾಯಿಂಟ್ ಗೇಟಿನವರೆಗೂ ಕೂಗಿ ಕರೆಯುತ್ತದೆ, ಕ್ಯಾಮೆರಾ ದಾರಿ ತಪ್ಪುವುದು ಅಲ್ಲೇ. ‘ಮಿನಿಮಮ್ ಆರ್‌ಎಸ್‌ಎಸ್‌ಐ’ (ಸಿಗ್ನಲ್ ಇಷ್ಟಕ್ಕಿಂತ ಕುಸಿದರೆ ಸಂಪರ್ಕ ಕಡಿಯುವ ಮಿತಿ) ಇನ್ನೊಂದು ದಾರಿ, ಆದರೆ ಅದು ಸಾಧನವನ್ನು ಹೊರದಬ್ಬುತ್ತದೆ ಅಷ್ಟೇ. ಹಟಮಾರಿ ಸಾಧನ ಮತ್ತೆ ಅದೇ ಪಾಯಿಂಟ್‌ನ ಬಾಗಿಲು ತಟ್ಟುತ್ತಲೇ ಇರುತ್ತದೆ.

ಪ್ರಿಂಟರನ್ನು ಬೇರೆ ಕೋಣೆಗೆ ಸಾಗಿಸುವಾಗ ಮೊದಲು ಬೀಗ ತೆಗೆಯಿರಿ. ಯಾವ ಸಾಧನ ಯಾವ ಪಾಯಿಂಟ್‌ಗೆ ಎಂದು ಚೀಟಿ ಬರೆದು, ನೆಟ್‌ವರ್ಕ್ ಕೇಬಲ್‌ನಲ್ಲೇ ಪಾಯಿಂಟ್‌ಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್‌ನ ಮೇಲೆ ಅಂಟಿಸಿಡಿ.